ಗದ್ದಲ ತೊಳೆದ ಆಲ್ಬಮ್

ಹೋದ ವಾರ ನನ್ನ ಹೆಂಡತಿ ನನ್ನ ಅಂಗಿಯ ಜೇಬಿನಿಂದ ಒಂದು ಪೆನ್‌ಡ್ರೈವನ್ನು ಒಗೆದು ತೆಗೆದಳು. ತೆಗೆದು ಒಗೆಯುವುದು ಬೇರೆಯವರ ಮನೆಯ ಪದ್ಧತಿ. ನಮ್ಮಲ್ಲಿ ಅಂಗಿ ಮೊದಲು ನೆನೆಯಬೇಕು, ಕಲ್ಲಿನ ಮೇಲೆ ಬಡಿಸಿಕೊಳ್ಳಬೇಕು, ಹಿಂಡಿಸಿಕೊಳ್ಳಬೇಕು; ಜೇಬಿನ ವಿಚಾರಣೆ ಏನಿದ್ದರೂ ಆಮೇಲೆ.

“ಇದು ನಿಮ್ಮ ಹಾಡಿನ ಕಡ್ಡಿ ಅಲ್ಲೇನ್ರಿ? ಅಂಗಿ ಜೋಡಿ ಇದನ್ನೂ ಒಗದೇನಿ ನೋಡ್ರಿ. ಈಗರೆ ಅದರಾಗಿನ ಗದ್ದಲ ಹೋಗಿರಬೇಕು,” ಎಂದು ಕೈಗೆ ಕೊಟ್ಟಳು.

ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತಿದ್ದವು. ಅವುಗಳ ಬಾಜುಕ್ಕೆ ಇದನ್ನೂ ಒಣಹಾಕಿದೆ. ಸಂಜೆ ಅಂಗಡಿಯ ಸ್ಪೀಕರಿಗೆ ಚುಚ್ಚಿದರೆ ಒಂದು ಗಳಿಗೆ ಏನೂ ಇಲ್ಲ. ನನ್ನ ಜೀವ ಬಾಯಿಗೆ ಬಂತು. ಆಮೇಲೆ ಮಿರ್ಚಿ ಎಣ್ಣೆಗೆ ಬಿದ್ದ ಚುರ್ರ್ ಸದ್ದು, ಅದರ ಹಿಂದೆಯೇ “ಲೇ ಮಲ್ಲ್ಯಾ, ನಿನ್ನ ಚಪ್ಪಲಿ ನಾಯಿ ಒಯ್ತಲೇ!” ಎಂಬ ಕೂಗು, ಒಂದು ಉದ್ದ ಭಾಷಣ, ಕೊನೆಗೆ ನನ್ನ ಗಿಟಾರು. ಎಲ್ಲ ಸರಿಯಾಗಿತ್ತು. ಸಮಾಧಾನದಿಂದ ಕುರ್ಚಿಗೆ ಒರಗಿದೆ.

ನಿಮಗೆ ಗೊತ್ತಿರಲಿಕ್ಕಿಲ್ಲ, ನಾವು ಒಂದು ಆಲ್ಬಮ್ ಮಾಡಿದ್ದೇವೆ. ಸ್ಟುಡಿಯೋದಲ್ಲಿ ಬಾಗಿಲು ಮುಚ್ಚಿಕೊಂಡು ಮಾಡಿದ್ದಲ್ಲ. ಕುಬಿಹಾಳದ ನಮ್ಮ ಕ್ಲಬ್ಬಿನಲ್ಲಿ, ಊರ ಜನರನ್ನು ಎದುರಿಗೆ ಕೂರಿಸಿಕೊಂಡು, ಲೈವ್. ಬ್ಯಾಂಡಿನ ಹೆಸರು ‘ಎರಿಮಣ್ಣು’. ಶೈಲಿ ಬ್ಲೂಸ್-ರಾಕ್. ನಗಬೇಡಿ. ನಗುವ ಕೆಲಸವನ್ನು ನಮ್ಮೂರವರು ಮೊದಲೇ ಮುಗಿಸಿಬಿಟ್ಟಿದ್ದಾರೆ, ನಿಮಗೆ ಹೆಚ್ಚೇನೂ ಉಳಿದಿಲ್ಲ.

ಈ ಚಟ ನನಗೆ ಸಣ್ಣವನಿದ್ದಾಗಲೇ ಹತ್ತಿದ್ದು. ಎಣ್ಣೆಯ ಡಬ್ಬಿಗೊಂದು ಕೋಲು ಕಟ್ಟಿ, ತಂತಿ ಬಿಗಿದು ಮೀಟಿದರೆ ಒಂದು ನಾದ ಬರುತ್ತಿತ್ತು. ಡಬ್ಬಿ ಅವ್ವನದು, ಕೋಲು ಎಮ್ಮೆ ಕಾಯುವುದು, ತಂತಿ ಅಪ್ಪನ ಸೈಕಲ್ಲಿನ ಬ್ರೇಕಿನದು. ಅಪ್ಪ ಅವತ್ತು ಕುಂದಗೋಳದ ಸಂತೆಗೆ ಹೊರಟವರು ಊರ ಅಗಸಿ ಬಾಗಿಲ ಇಳಿಜಾರಿನಲ್ಲಿ ಬ್ರೇಕು ಹಿಡಿದರಂತೆ, ಸೈಕಲ್ಲು ನಿಲ್ಲಲಿಲ್ಲವಂತೆ, ಸೀದಾ ಹೋಗಿ ಜೋಳದ ಕಣಕಿಯ ಬಣವೆ ಹೊಕ್ಕರಂತೆ. ತಲೆಯಲ್ಲಿ ಕಣಕಿ ಸಿಕ್ಕಿಸಿಕೊಂಡೇ ಮನೆಗೆ ಬಂದು ನನ್ನ ಎದುರಿಗೆ ಕುಳಿತರು. “ಬಾರಿಸು ಮಗನ, ಅದೇನ ಬಾರಸ್ತಿ ಕೇಳೂಣು,” ಎಂದರು. ಬಾರಿಸಿದೆ. ನಂತರ ಅವರು ಬಾರಿಸಿದರು. ಅದೇ ನನ್ನ ಮೊದಲ ಲೈವ್ ಕಾರ್ಯಕ್ರಮ.

ಮುಂದೆ ಧಾರವಾಡದ ಹಾಸ್ಟೆಲಿನಲ್ಲಿ ಎದುರು ಖೋಲಿಯವನ ಹತ್ತಿರ ನಿಜವಾದ ಗಿಟಾರು ಇತ್ತು. ಅವನು ಓದಲು ಕುಳಿತಾಗೆಲ್ಲ ನಾನು ಅದನ್ನು ತಂದು ಕಲಿತೆ. ಅವನು ಪಾಸಾದ, ನನಗೆ ಗಿಟಾರು ಬಂತು. ಊರಿಗೆ ಮರಳಿ ಬೀಜ-ಗೊಬ್ಬರದ ಅಂಗಡಿ ಹಾಕಿದೆ. ಯೂರಿಯಾ ಬಂದಿದೆಯೇ ಎಂದು ಕೇಳಲು ಬಂದವರಿಗೆ ನಾನು ನುಡಿಸಿ ತೋರಿಸುತ್ತಿದ್ದೆ. ಯೂರಿಯಾ ಬೇಕಾದವರು ಪಾಪ, ಕೇಳುತ್ತಿದ್ದರು.

ಬ್ಯಾಂಡಿನಲ್ಲಿ ನಾವು ಮೂವರು. ಗಿಟಾರಿಗೆ ನಾನು. ಡ್ರಮ್ಸಿಗೆ ಮಕ್ತುಮ, ಮದುವೆಯ ಮೆರವಣಿಗೆಯಲ್ಲಿ ನಡೆಯುತ್ತ ಬಾರಿಸಿ ಬೆಳೆದವನು, ಕೂರಲು ಕುರ್ಚಿ ಕೊಟ್ಟರೆ ಅವನ ತಾಳ ತಪ್ಪುತ್ತದೆ. ಹಾಡುವುದಕ್ಕೆ ಈರಪ್ಪ. ಅರವತ್ತರ ಆಸುಪಾಸಿನ ಒಕ್ಕಲಿಗ, ಕ್ಲಬ್ಬಿನ ಭಜನೆಯ ಮುಖ್ಯ ಗಾಯಕ. ಅವನ ದನಿ ಕೇಳಿದರೆ ಉಳುಮೆಯಾದ ಎರಿ ಹೊಲದ ಹೆಂಟೆ ನೆನಪಾಗುತ್ತದೆ. ಒರಟು, ಆದರೆ ಒಳಗೆ ಹಸಿ.

“ಬ್ಲೂಸ್ ಅಂದ್ರ ಏನ್ರಿ ಸಾವ್ಕಾರ?” ಎಂದು ಅವನು ಮೊದಲ ದಿನ ಕೇಳಿದ್ದ.

“ದುಃಖದ ಹಾಡು ಈರಪ್ಪ. ಹತ್ತಿ ಬಿಡಸೂ ಮಂದಿ ಹೊಲದಾಗ ಹಾಡತಿದ್ರಂತ.”

“ಹತ್ತಿ ನಮ್ಮೂರಾಗೂ ಬೆಳೀತಾರಲ್ರಿ. ಮತ್ತ ಇಷ್ಟ ದಿನ ನಾ ಹಾಡಿದ್ದೇನು?”

ನನ್ನ ಬ್ಲೂಸ್ ಪಾಠ ಅಲ್ಲಿಗೆ ಮುಗಿಯಿತು.

ಇನ್ನು ಕ್ಲಬ್ಬು. ಬಾಗಿಲ ಮೇಲೆ ‘ನವತರುಣ ಕ್ಲಬ್’ ಎಂಬ ಬೋರ್ಡಿದೆ. ಬರೆಸಿದಾಗ ಅದು ನಿಜವಾಗಿತ್ತು. ಸದಸ್ಯರು ಅವರೇ, ಬೋರ್ಡೂ ಅದೇ. ಈಗಿನ ನವತರುಣರಲ್ಲಿ ಎಲ್ಲರಿಗಿಂತ ಸಣ್ಣವನು ನಾನು, ನನಗೆ ಕನ್ನಡಕ ಬಂದು ಎಷ್ಟೋ ವರ್ಷವಾಯಿತು. ತಗಡಿನ ಮಾಡಿನ ಒಂದೇ ಉದ್ದ ಪಡಸಾಲೆ, ಹಿಂದಿನ ಮೂಲೆಯಲ್ಲಿ ಕೇರಂ ಬೋರ್ಡು, ಕಿಟಕಿಯ ಹೊರಗೆ ಶಾಂತವ್ವನ ಮಿರ್ಚಿ ಭಜಿಯ ಕಡಾಯಿ. ಬಿಸಿಲಿಗೆ ತಗಡು ಕಾಯುತ್ತದೆ, ಮಳೆಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹಾಗಿದ್ದರೂ ಊಟವಾದ ಮೇಲೆ ನಮ್ಮ ಕಾಲುಗಳು ತಾವಾಗಿಯೇ ಅಲ್ಲಿಗೆ ಹೋಗುತ್ತವೆ. ಮನೆಯಲ್ಲಿ ಮನುಷ್ಯನಿಗೆ ಎಷ್ಟು ಹೊತ್ತು ಕೆಲಸ ಹೇಳಿಸಿಕೊಳ್ಳಲು ಸಾಧ್ಯ, ನೀವೇ ಹೇಳಿ.

ಸೋಮವಾರ ನಮ್ಮಲ್ಲಿ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ರಜೆಯಾದ್ದರಿಂದ ಮನುಷ್ಯನಿಗೂ ರಜೆ. ಈಗ ಊರ ತುಂಬ ಟ್ರ್ಯಾಕ್ಟರುಗಳಿವೆ, ಆದರೂ ಆ ರಜೆಯನ್ನು ನಾವು ಬಿಟ್ಟಿಲ್ಲ. ಅವತ್ತು ಕ್ಲಬ್ಬಿನಲ್ಲಿ ಭಜನೆ. ಮುಂದೆ ಈರಪ್ಪ ಹಾಡಿದರೆ ಅವನ ಬೆನ್ನ ಹಿಂದೆ ತಾಳ ಹಿಡಿದು ಹಿಮ್ಮೇಳಕ್ಕೆ ಕೂರುತ್ತಿದ್ದವರು ಅವನ ಅಣ್ಣ ಬಸಲಿಂಗಪ್ಪ ಕಾಕಾ. ನಮ್ಮ ಭಜನೆಯಲ್ಲಿ ಹಿಮ್ಮೇಳವೆಂದರೆ ಬರೀ ತಲೆದೂಗುವುದಲ್ಲ. ಮುಂದೆ ಹಾಡುವವನಿಗೆ ಕೆಮ್ಮು ಬಂದರೆ, ಮಾತು ಮರೆತರೆ, ಗಂಟಲು ಕಟ್ಟಿದರೆ ಅವನು ಸುಮ್ಮನೆ ನಿಂತರಾಯಿತು. ಹಿಂದಿನವರು ಆ ಸಾಲನ್ನು ಎತ್ತಿಕೊಂಡು ನಡೆಸುತ್ತಾರೆ. ಅವನು ಸುಧಾರಿಸಿಕೊಂಡು ಮತ್ತೆ ಸೇರಿಕೊಳ್ಳಬೇಕು. ಬಸಲಿಂಗಪ್ಪ ಕಾಕಾ ಎಷ್ಟೋ ವರ್ಷ ತಮ್ಮನ ಸಾಲುಗಳನ್ನು ಹೀಗೆ ನಡೆಸಿದವರು. ಹಾಡು ಅಗದಿ ಚಂದ ಬಂದರೆ ಕಣ್ಣು ಮುಚ್ಚಿ “ಭಲೇ!” ಎನ್ನುತ್ತಿದ್ದರು. ಅದು ಸುಲಭಕ್ಕೆ ಸಿಗುತ್ತಿರಲಿಲ್ಲ.

ಇಂಥ ಒಂದು ಸೋಮವಾರ ನಾನು ಗಿಟಾರು ಹೊತ್ತುಕೊಂಡು ಕ್ಲಬ್ಬಿಗೆ ಹೋದೆ.

“ಈ ತಂತಿ ಹಲಗಿ ಹೊರಗ ಹೋಗ್ಬೇಕು, ಇಲ್ಲಾ ನಾ ಹೋಗ್ಬೇಕು,” ಎಂದರು ಬಸಲಿಂಗಪ್ಪ ಕಾಕಾ.

“ಒಂದ ಪದಾ ಕೇಳರೆ ಕೇಳೋ ಅಣ್ಣಾ,” ಎಂದ ಈರಪ್ಪ.

ಕಾಕಾ ತಾಳಗಳನ್ನು ಚೀಲದಲ್ಲಿ ಹಾಕಿದರು, ಎದ್ದರು, ಹಿಂದಿನ ಮೂಲೆಗೆ ಹೋಗಿ ನಮಗೆಲ್ಲ ಬೆನ್ನು ಹಾಕಿ ಕೇರಂ ಬೋರ್ಡಿನ ಮುಂದೆ ಕುಳಿತರು. ಅವತ್ತಿನಿಂದ ಅಣ್ಣ-ತಮ್ಮರ ಮಾತು ಬಂದ್. ಮನೆ ಒಂದೇ, ಹಿತ್ತಲು ಒಂದೇ, ಹೆಂಗಸರು ಪಲ್ಯ-ಸಾರು ಅದಲುಬದಲು ಮಾಡಿಕೊಂಡು ಸುಖವಾಗಿದ್ದಾರೆ. ಗಂಡಸರಿಬ್ಬರು ಮಾತ್ರ ನಡುವೆ ಒಬ್ಬ ಮನುಷ್ಯನಿಲ್ಲದೆ ಮಾತಾಡರು. ಆ ನಡುವಿನ ಮನುಷ್ಯ ಹೆಚ್ಚಾಗಿ ನಾನೇ.

“ಸಾವ್ಕಾರ್ರ, ನಿಮ್ಮ ಹಾಡುಗಾರಗ ಹೇಳ್ರಿ, ಎಮ್ಮಿ ಹಗ್ಗ ಹರಕೊಂಡೈತಿ ಅಂತ,” ಎನ್ನುವರು ಕಾಕಾ. ಈರಪ್ಪ ಅಲ್ಲೇ ಮೊಳದ ಅಂತರದಲ್ಲಿ ಕುಳಿತಿರುತ್ತಿದ್ದ. ನಾನು ಅವನತ್ತ ತಿರುಗಿ, “ಎಮ್ಮಿ ಹಗ್ಗ ಹರಕೊಂಡೈತಂತ,” ಎನ್ನಬೇಕು. “ನೋಡ್ತೇನಿ ಅಂತ ಹೇಳ್ರಿ,” ಎನ್ನುವನು. ಅಷ್ಟರಲ್ಲಿ ಎಮ್ಮೆ ಪಕ್ಕದವರ ಜೋಳ ಮೇಯ್ದು ಮುಗಿಸಿರುತ್ತಿತ್ತು.

ಒಂದು ದಿನ ಈರಪ್ಪ ಅಂಗಡಿಗೆ ಬಂದು ಗೊಬ್ಬರದ ಚೀಲದ ಮೇಲೆ ಕುಳಿತ. “ಸಾವ್ಕಾರ, ನಾವು ಹಾಡೂದು ಅಣ್ಣಗ ಕೇಳಸ್ಬೇಕ್ರಿ. ಬ್ಯಾರೆ ಕಡೆ ಎಲ್ಲೂ ಬರಂಗಿಲ್ಲ ಅಂವ. ಆದ್ರ ಕ್ಲಬ್ ಮಾತ್ರ ತಪ್ಪಸಂಗಿಲ್ಲ. ಅಲ್ಲೇ ಹಾಡೂಣು. ನಮ್ಮಪ್ಪನ ಪದಾ ಹಾಡ್ತೇನಿ. ಅಂವ ಒಮ್ಮೆ ಭಲೇ ಅಂದ್ರ ಸಾಕು, ಮುಂದ ಈ ಗಂಟಲ ಹೋದ್ರ ಹೋಗವಲ್ದ್ಯಾಕ,” ಎಂದ.

ಲೈವ್ ಆಲ್ಬಮ್ಮಿನ ಮೂಲ ಇಷ್ಟೇ. ಜನರ ಎದುರು ಹಾಡುವ ಸುಖ, ಕ್ಲಬ್ಬಿನ ವಾತಾವರಣ, ಮಣ್ಣಿನ ವಾಸನೆ ಎಂದೆಲ್ಲ ನಾನು ಆಮೇಲೆ ವೇದಿಕೆಯ ಮೇಲೆ ಭಾಷಣ ಮಾಡಿದೆ. ಅದೆಲ್ಲ ಸುಳ್ಳು. ನಮಗೆ ಬೇಕಾಗಿದ್ದದ್ದು ಒಬ್ಬ ಹಟಮಾರಿ ಮುದುಕನ ಒಂದು ಭಲೇ.

ರೆಕಾರ್ಡಿಂಗಿಗೆ ಒಂದು ಸೋಮವಾರ ಮಧ್ಯಾಹ್ನ ಗೊತ್ತಾಯಿತು. ಕ್ಲಬ್ಬಿನ ಅಧ್ಯಕ್ಷರು ಚನ್ನಬಸಣ್ಣ. ಅವರಿಗೆ ಮೈಕ್ ಕಂಡರೆ, ಹಸಿದ ಕೂಸಿಗೆ ಹಾಲು ಕಂಡ ಹಾಗೆ. “ಸ್ವಾಗತ ಇಲ್ಲದ ಕಾರ್ಯಕ್ರಮ ಎಲ್ಯರೆ ಇರ್ತೈತೇನ್ರಿ?” ಎಂದರು. ಆದ್ದರಿಂದ ನಮ್ಮ ಆಲ್ಬಮ್ಮಿನ ಮೊದಲನೆಯ ಹಾಡು ಸ್ವಾಗತ ಭಾಷಣ, ಕೊನೆಯದು ವಂದನಾರ್ಪಣೆ. ಬ್ಲೂಸ್ ನುಡಿಸುವ ದೊಡ್ಡ ದೊಡ್ಡ ದೇಶದವರಿಗೆ ಈ ಬುದ್ಧಿ ಹೊಳೆದಿರಲಿಕ್ಕಿಲ್ಲ.

ಸತ್ಕಾರಗಳೂ ನಡೆದವು. ನಮ್ಮ ಭಾಗದಲ್ಲಿ ಸತ್ಕಾರಕ್ಕೆ ಹೊತ್ತುಗೊತ್ತಿಲ್ಲ. ಶಾಲು ಬಂತೆಂದರೆ ಹೊಚ್ಚಿಸಿಕೊಳ್ಳಬೇಕು. ಮಕ್ತುಮ ಹಟಕ್ಕೆ ಬಿದ್ದು ಒಬ್ಬನೇ ಬಾರಿಸುತ್ತಿದ್ದಾಗ ಚನ್ನಬಸಣ್ಣ ನಡುವೆಯೇ ಹೋಗಿ ಶಾಲು ಹೊಚ್ಚಿ ಮಾಲೆ ಹಾಕಿದರು. ಅವನ ಒಂದು ಕೈ ಶಾಲಿನೊಳಗೆ ಸಿಕ್ಕಿಕೊಂಡಿತು. ಅಧ್ಯಕ್ಷರು ಇಳಿದು ಹೋಗುವವರೆಗೆ ಒಂದೇ ಕೈಯಲ್ಲಿ ಬಾರಿಸಿದ. ಆ ಜಾಗ ಕೇಳಿದವರು ಈಗಲೂ ಇದು ಯಾವ ತಾಳ ಎಂದು ಕೇಳುತ್ತಾರೆ. ನಾವು ಗಂಭೀರವಾಗಿ ತಲೆಯಾಡಿಸುತ್ತೇವೆ.

ಬಸಲಿಂಗಪ್ಪ ಕಾಕಾ ಎಂದಿನಂತೆ ಹಿಂದಿನ ಮೂಲೆಯಲ್ಲಿ ಬೆನ್ನು ಹಾಕಿ ಕುಳಿತಿದ್ದರು. ಜೊತೆಗಾರರೆಲ್ಲ ಹಾಡು ಕೇಳಲು ಮುಂದೆ ಬಂದು ಕುಳಿತದ್ದರಿಂದ ಒಬ್ಬರೇ ಆಡುತ್ತಿದ್ದರು. ಬಿಳಿಯ ಪಾಳಿಯೂ ಅವರದೇ, ಕರಿಯ ಪಾಳಿಯೂ ಅವರದೇ. ಟಕ್, ಟಕ್. ನನಗೆ ಮೈಯೆಲ್ಲ ಉರಿಯಿತು. ಆಟ ನಿಲ್ಲಿಸಿ ಎಂದು ಚನ್ನಬಸಣ್ಣನವರ ಕೈಯಲ್ಲಿ ಹೇಳಿಕಳಿಸಿದೆ. ಅವರು ಹೋದಷ್ಟೇ ಬೇಗ ತಿರುಗಿ ಬಂದರು.

“ಕ್ಲಬ್ ಇರೂದು ಕೇರಂ ಆಡಾಕಂತ. ಹಾಡವ್ರಿಗೆ ಗುಡಿ ಐತಂತ. ನೀವು ಸುಮ್ನ ಬಾರಸ್ರಿ, ಅವನ ಉಸಾಬರಿ ಬ್ಯಾಡ.”

ಜನರ ಚಪ್ಪಾಳೆ ಸಿಗಲೆಂದು ಹಿಂದಿನ ಕಿಟಕಿಗೆ ಒಂದು ಮೈಕ್ ಕಟ್ಟಿದ್ದೆ. ಅದಕ್ಕೆ ಸಿಕ್ಕಿದ್ದು ಶಾಂತವ್ವನ ಮಿರ್ಚಿ, ಮಲ್ಲ್ಯಾನ ಚಪ್ಪಲಿಯ ಸುದ್ದಿ, ಕೆಮ್ಮು, ಸೀನು, ಮತ್ತು ಆ ಟಕ್ ಟಕ್.

ಆಮೇಲೆ ಈರಪ್ಪ ಅಪ್ಪನ ಪದ ಎತ್ತಿಕೊಂಡ. ‘ಖಾಲಿ ಬಂಡಿ ಹೂಡಿಕೊಂಡು ಎಲ್ಲಿಗೆ ಹೊಂಟ್ಯೋ ತಮ್ಮಾ’ ಎಂದು ಶುರುವಾಗುವ ಪದ. ಅಪ್ಪ ಬಂಡಿ ಹೊಡೆಯುತ್ತ ಹಾಡುತ್ತಿದ್ದದ್ದು, ಮಕ್ಕಳಿಬ್ಬರೂ ಹಿಂದೆ ಕಾಲು ಇಳಿಬಿಟ್ಟು ಕುಳಿತು ದನಿಗೂಡಿಸುತ್ತಿದ್ದದ್ದು ಊರಿಗೇ ಗೊತ್ತಿತ್ತು. ಜನರೆಲ್ಲ ಮುಂದಕ್ಕೆ ಬಾಗಿ ಕೇಳಿದರು. ಈರಪ್ಪ ಕಣ್ಣು ಮುಚ್ಚಿ ಹಾಡುತ್ತಿದ್ದ. ನಾನಂತೂ ಬೆರಳುಗಳನ್ನು ಬಿಟ್ಟು ಬೇರೆ ಏನನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ನಡುವೆ ಎಲ್ಲೋ ಅವನು ತಾಳ ಮೀರಿ ಮುಂದಕ್ಕೆ ಓಡಿದ. ನಾನೂ ಮಕ್ತುಮನೂ ಬಿದ್ದು ಎದ್ದು ಹಿಂದೆ ಓಡಿದೆವು. ಹಾಡು ಮುಗಿದಾಗ ತಗಡು ಹಾರಿಹೋಗುವಂತೆ ಚಪ್ಪಾಳೆ ಬಿತ್ತು.

ಈರಪ್ಪ ಕಣ್ಣು ತೆರೆದು ಮೊದಲು ನೋಡಿದ್ದು ಹಿಂದಿನ ಮೂಲೆಯನ್ನು. ಅಲ್ಲಿ ಅದೇ ಬೆನ್ನು.

“ಅಂದನೇನ್ರಿ?” ಎಂದು ಮೆಲ್ಲಗೆ ಕೇಳಿದ.

“ಇಲ್ಲ.”

“ಭಲೇ ಅನ್ನೂದು ಹೋಗ್ಲಿ ಬಿಡ್ರಿ. ಕೇಳಿದನೋ ಇಲ್ಲೋ, ಅಷ್ಟರೆ ಕೇಳಿ ಬರ್ರಿ.”

ಹೋಗಿ ಕೇಳಿದೆ. ಕಾಕಾ ತಲೆ ಎತ್ತಲಿಲ್ಲ. “ನಾ ಕೇರಂ ಆಡಾಕತ್ತಿದ್ದೆ. ನನಗೇನ ಕೇಳಸ್ತೈತ್ರಿ?” ಎಂದರು. ಅದನ್ನು ನಾನು ಹೇಗೆ ತಿರುಗಿಸಿ ಹೇಳಿದರೂ ಅದಾಗಿಯೇ ಉಳಿಯಿತು. ಈರಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಸತ್ಕಾರಕ್ಕೂ ನಿಲ್ಲದೆ ಹೋದ.

ರೆಕಾರ್ಡಿಂಗನ್ನು ಹುಬ್ಬಳ್ಳಿಯ ಒಂದು ಸ್ಟುಡಿಯೋಕ್ಕೆ ಒಯ್ದೆ. ಸ್ಟುಡಿಯೋದವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, “ಮಳಿ ಜೋರ ಇತ್ತೇನ್ರಿ ಅವತ್ತ?” ಎಂದು ಕೇಳಿದರು.

“ಮಳಿ ಅಲ್ರಿ, ಮಿರ್ಚಿ.”

“ಇದು ಟಕ್ ಟಕ್?”

“ಅದು ನಮ್ಮೂರ ಶನಿ.”

“ಚಿಂತಿ ಬಿಡ್ರಿ. ಅಗದಿ ಸ್ವಚ್ಛ ಮಾಡಿ ಕೊಡ್ತೇನಿ.”

ಕೊಟ್ಟರು. ಎಷ್ಟು ಸ್ವಚ್ಛವೆಂದರೆ ಚನ್ನಬಸಣ್ಣನವರ ಸ್ವಾಗತ ಭಾಷಣವೂ ಇರಲಿಲ್ಲ. ಅದನ್ನೂ ಗದ್ದಲವೆಂದೇ ತಿಳಿದು ತೆಗೆದಿದ್ದರು. ಅವರನ್ನು ತಪ್ಪು ಎನ್ನಲು ನನಗೆ ಮನಸ್ಸಾಗಲಿಲ್ಲ.

ಬಿಡುಗಡೆ ಸಮಾರಂಭ ಭರ್ಜರಿಯಾಗಿತ್ತು. ಹೆಬ್ಬೆರಳಷ್ಟು ಪೆನ್‌ಡ್ರೈವಿಗೆ ಮಿಂಚಿನ ಹಾಳೆ ಸುತ್ತಿ ರಿಬ್ಬನ್ ಕಟ್ಟಿದ್ದೆವು. ಬಿಚ್ಚಲು ಅತಿಥಿಗಳೆಲ್ಲ ಸೇರಿ ಉಗುರು ಹಾಕಿದರು, ಹಲ್ಲೂ ಹಾಕಿದರು. ಕೊನೆಗೆ ಬಿಚ್ಚಿ ಸ್ಪೀಕರಿಗೆ ಹಾಕಿದಾಗ ಕ್ಲಬ್ಬಿಗೆ ಕ್ಲಬ್ಬೇ ಉಸಿರು ಹಿಡಿದು ಕೇಳಿತು. ಹಾಡುಗಳು ಒಂದಾದ ಮೇಲೊಂದು ಬಂದವು. ಯಾರ ಮುಖದಲ್ಲೂ ಕಳೆಯಿಲ್ಲ. ದವಾಖಾನೆಯಲ್ಲಿ ಕೂತ ಹಾಗೆ ಕೂತಿದ್ದರು.

ಮೊದಲು ಕೇಳಿದವಳು ಶಾಂತವ್ವ. “ನನ್ನ ಮಿರ್ಚಿ ಸಪ್ಪಳ ಎಲ್ಲಿ ಹೋತ್ರಿ ಸಾವ್ಕಾರ್ರ?”

“ನನ್ನ ಚಪ್ಪಲಿನೂ ಇಲ್ಲಲ್ರಿ!” ಎಂದ ಮಲ್ಲ್ಯಾ.

“ಎರಡನೇ ಹಾಡಿನ್ಯಾಗ ನಾ ಕೆಮ್ಮಿದ್ನಲ್ರಿ, ಬೇಕಂತಲೇ ಕೆಮ್ಮಿದ್ದೆ, ಮಗಳಿಗೆ ಫೋನ್ ಮಾಡಿ ಹೇಳಿಬಿಟ್ಟೇನಿ,” ಎಂದು ಇನ್ನೊಬ್ಬರು.

ಚನ್ನಬಸಣ್ಣ ಒಂದು ಮಾತೂ ಆಡಲಿಲ್ಲ. ಅವರು ಮೌನವಾಗಿದ್ದನ್ನು ಊರು ಅವತ್ತು ಮೊದಲ ಸಲ ಕಂಡಿತು. ಜನ ಏಳುವಾಗ ಯಾರೋ, “ಚಲೋ ಐತ್ರಿ, ಆದ್ರ ಇದು ನಮ್ಮ ಕ್ಲಬ್ ಅಲ್ಲ,” ಎಂದು ಹೇಳಿಹೋದರು. ಈರಪ್ಪ ನನ್ನ ಬಳಿ ಬಂದು, “ಇನ್ನ ಮುಂದ ನಾ ಹಾಡಂಗಿಲ್ರಿ. ಬ್ಯಾಂಡನ್ಯಾಗೂ ಇಲ್ಲ, ಭಜನ್ಯಾಗೂ ಇಲ್ಲ. ಯಾರಿಗೆ ಕೇಳಸ್ಬೇಕಿತ್ತೋ ಅವಗ ಕೇಳಸಲಿಲ್ಲ,” ಎಂದ. ಗಿಟಾರನ್ನು ಕ್ಲಬ್ಬಿಗೆ ಹೊತ್ತೊಯ್ದವನು ನಾನೇ ಅಲ್ಲವೇ.

ಜನರ ಕೆಮ್ಮು-ಸೀನುಗಳನ್ನಾದರೂ ಅವರವರಿಗೆ ತಿರುಗಿಸಿ ಕೊಡೋಣವೆಂದು ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಕುಳಿತು ಮೊದಲಿನ ರೆಕಾರ್ಡಿಂಗ್ ಹಾಕಿದೆ. ಕಿಟಕಿಯ ಮೈಕಿಗೆ ಸಿಕ್ಕಿದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹೋದೆ. ಭಾಷಣದಲ್ಲಿ ಟಕ್. ನನ್ನ ಗಿಟಾರಿನಲ್ಲಿ ಟಕ್ ಟಕ್. ಮಕ್ತುಮನ ಶಾಲಿನ ಹೊತ್ತಿನಲ್ಲಿ ಸಾಲಾಗಿ ಟಕ್ ಟಕ್ ಟಕ್. ಕಾಕಾ ಅವತ್ತು ಒಳ್ಳೆಯ ಲಯದಲ್ಲಿದ್ದರು. ಬಯ್ಯುತ್ತಲೇ ಕೇಳಿದೆ. ಅಪ್ಪನ ಪದ ಬಂತು. ಮಿರ್ಚಿಯ ಚುರ್ರ್ ಇದೆ. ಯಾರದೋ ಉಸಿರು ಇದೆ. ಟಕ್ ಇಲ್ಲ. ಮೈಕ್ ಕೆಟ್ಟಿತೇ ಎಂದುಕೊಂಡೆ. ಇಲ್ಲ, ಹೊರಗೆ ನಾಯಿ ಬೊಗಳಿದ್ದೂ ಕೇಳುತ್ತಿದೆ. ಪದ ಮುಗಿಯಿತು, ಚಪ್ಪಾಳೆ ಬಿತ್ತು, ಚಪ್ಪಾಳೆಯೂ ನಿಂತಿತು. ಆಮೇಲೆ ತಡೆದು, ಒಂದು ಟಕ್.

ಹೊಳೆದ ಕೂಡಲೇ ಹೆಡ್‌ಫೋನ್ ಕಿತ್ತಿಟ್ಟೆ. ಸ್ವಚ್ಛ ಮಾಡಿಸಿದ ಆಲ್ಬಮ್ಮಿನಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ಟಕ್ ಇರಲಿಲ್ಲ. ಹಾಗಿದ್ದ ಮೇಲೆ ಈ ಒಂದು ಪದಕ್ಕೆ ಮಾತ್ರ ಆಟ ನಿಂತಿತ್ತೆಂದು ಯಾರಿಗೆ ಹೇಗೆ ತಿಳಿಯಬೇಕು? ನಾನೇ ಹುಬ್ಬಳ್ಳಿಗೆ ಒಯ್ದು ತೊಳೆಸಿಕೊಂಡು ಬಂದಿದ್ದೆ.

ಈರಪ್ಪನನ್ನು ಕರೆಸಿ ಒಂದು ಚೀಲದ ಮೇಲೆ ಕೂರಿಸಿದೆ. ಟೊಪ್ಪಿಗೆ ತೆಗೆಯಲು ಒಪ್ಪಲಿಲ್ಲ, ಅದರ ಮೇಲೆಯೇ ಹೆಡ್‌ಫೋನ್ ಹಾಕಿದೆ. ಮೊದಲು ಅವನೂ ಪ್ರತಿ ಟಕ್‌ಗೆ ಮುಖ ಕಿವುಚಿದ. ಪದ ಶುರುವಾದ ಮೇಲೆ ಕಿವುಚುವುದನ್ನು ಮರೆತ. ಆಮೇಲೆ ತಟ್ಟನೆ ನನ್ನ ಕೈ ಹಿಡಿದ.

“ಸಾವ್ಕಾರ, ಬೋರ್ಡ್ ಸುಮ್ನ ಐತಲ್ರಿ.”

“ಹೌದು.”

“ಪದಾ ಮುಗಿಯೂತನಕ?”

“ಮುಗಿಯೂತನಕ.”

ಅವನು ಟವೆಲ್ಲಿನಿಂದ ಮುಖ ಒತ್ತಿಕೊಂಡ. “ನಿಮ್ಮ ಗೊಬ್ಬರದ ಘಾಟ ಕಣ್ಣಿಗೆ ಹೊಡಿತೈತ್ರಿ,” ಎಂದ. ಅವನು ಕುಳಿತಿದ್ದದ್ದು ಗೋವಿನಜೋಳದ ಬೀಜದ ಚೀಲದ ಮೇಲೆ. ನಾನು ಹೇಳಲಿಲ್ಲ.

ಮುಂದಿನ ಸೋಮವಾರ ನಾವಿಬ್ಬರೂ ಕ್ಲಬ್ಬಿಗೆ ಹೋದೆವು. ಕಾಕಾ ಬೆನ್ನು ಹಾಕಿ ಕುಳಿತಿದ್ದರು. ಈರಪ್ಪ ಸುತ್ತಿಬಳಸಿ ಹೋಗಿ ಬೋರ್ಡಿನ ಆಚೆ ಬದಿಗೆ, ಅಣ್ಣನ ಎದುರಿಗೇ ಕುಳಿತ. ಕಾಕಾ ಬಿಲ್ಲೆಗಳನ್ನು ಜೋಡಿಸುತ್ತ ನನ್ನ ಕಡೆ ತಿರುಗಿದರು.

“ಸಾವ್ಕಾರ್ರ, ನಿಮ್ಮ ಹಾಡುಗಾರಗ ಕೇಳ್ರಿ, ಕರಿ ಬೇಕೋ ಬಿಳಿ ಬೇಕೋ.”

“ಯಾವದರೆ ನಡಿತೈತಿ ಅಂತ ಹೇಳ್ರಿ,” ಎಂದ ಈರಪ್ಪ.

ಆಟ ಶುರುವಾಯಿತು. ಟಕ್, ಟಕ್. ಸ್ಟ್ರೈಕರನ್ನು ಅಣ್ಣನ ಕಡೆ ಸರಿಸುತ್ತ ಈರಪ್ಪ ಹೇಳಿದ, “ಅವತ್ತ ಅಪ್ಪನ ಪದಾ ಹಾಡೂ ಮುಂದ ಆಟ ಯಾಕ ನಿಂತಿತ್ತು ಅಂತ ಕೇಳ್ರಿ.”

“ಪೌಡರ್ ತೀರಿತ್ತು ಅಂತ ಹೇಳ್ರಿ.”

ಪೌಡರಿನ ಡಬ್ಬಿ ಕಾಕಾನ ತೊಡೆಯ ಪಕ್ಕದಲ್ಲೇ ಇತ್ತು. ಅವರು ಸ್ಟ್ರೈಕರ್ ಇಟ್ಟು ಗುರಿ ಹಿಡಿದರು, ಹೊಡೆಯಲಿಲ್ಲ. ತಲೆ ಎತ್ತಿದರು. ನಾನು ರೂಢಿಯಂತೆ ಮಾತು ದಾಟಿಸಲು ಬಾಯಿ ತೆರೆದೆ. ಆದರೆ ಅವರು ನನ್ನನ್ನು ನೋಡುತ್ತಿರಲಿಲ್ಲ.

“ಮೂರನೇ ನುಡ್ಯಾಗ ಯಾಕ ಓಡಿದಿ?”

“ಗಂಟಲ ಕಟ್ಟಿತ್ತೋ ಅಣ್ಣಾ,” ಎಂದ ಈರಪ್ಪ. “ಅಪ್ಪ ನೆನಪಾದ.”

“ಕಟ್ಟಿದ್ರ ನಿಲ್ಲಬೇಕಿಲ್ಲೋ ಹುಚ್ಚಾ,” ಎಂದರು ಬಸಲಿಂಗಪ್ಪ ಕಾಕಾ. “ನಾ ಹಿಂದ ಕುಂತಿದ್ನಲ್ಲ.”